ಗನಿ ಮುಚ್ಚುತ್ತಿದ್ದ ಕಣ್ಣು

ಬಾಗಿಲು ಜೋತಿದೆ, ಮೇಲಿನ ಬಿಜಾಗರಿಯ ಸ್ಕ್ರೂ ಸಡಿಲಾಗಿದೆ, ಅದಕ್ಕೇ ಕೆಳಗಿನ ಮೂಲೆ ನೆಲಕ್ಕೆ ಉಜ್ಜುತ್ತಿದೆ, ಹಸಿರು ಬಟ್ಟೆಯವರು ಹೋಗುವಾಗೊಮ್ಮೆ ಬರುವಾಗೊಮ್ಮೆ ಸರ್ ಎಂಬ ಸದ್ದು, ಫರಸಿಯ ಮೇಲೆ ಕುಡುಗೋಲಿನ ಆಕಾರದ ಗೀರು — ಇಷ್ಟು ದೊಡ್ಡ ದವಾಖಾನೆ, ಮನುಷ್ಯರ ಎಲುಬು ಕೊಯ್ದು ಜೋಡಿಸುವ ಮಂದಿ, ಒಂದು ಸ್ಕ್ರೂ ಬಿಗಿಯುವವರಿಲ್ಲ, ಗನಿ ಇಲ್ಲಿ ಕೂತಿದ್ದರೆ ಇಷ್ಟೊತ್ತಿಗೆ ಎದ್ದು ಹೋಗಿ ಬಾಗಿಲ ಬೆನ್ನು ಸವರಿ, ಇದಕ ಏನೂ ಆಗಿಲ್ಲ, ಒಂದ ಸ್ಕ್ರೂದ ಮಾತು ಅನ್ನುತ್ತಿದ್ದ, ಆದರೆ ಗನಿ ಇಲ್ಲಿಲ್ಲ, ಆ ಬಾಗಿಲಿನ ಆಚೆಗೇ ಇದ್ದಾನೆ, ಮುಂಜಾನೆ ಒಳಗೆ ಕರೆದೊಯ್ದರು, ಈಗ ಬೆಳಗಾವಿಯ ಬಿಸಿಲು ಕಿಟಕಿಯಿಂದ ಇಳಿದು ಶಮಶಾದಳ ಚಪ್ಪಲಿಯ ತನಕ ಬಂದಿದೆ. ಒಳಗೆ ಏನು ನಡೆದಿದೆ ಎಂದು ಅವಳಿಗೆ ಗೊತ್ತಿದೆ, ಗೊತ್ತಿರುವುದೇ ಕಷ್ಟ, ಡಾಕ್ಟರ್ ಮುಗ್ಧಾ ತನ್ನ ಗಲ್ಲದ ಮೇಲೆ ಬೆರಳಿಟ್ಟು ತೋರಿಸಿದ್ದಳು, ಮಗಳು ಸೂಫಿಯಾಳ ವಾರಿಗೆಯ ಹುಡುಗಿ, ಮೂಗಿನ ಬಾಜು ಇಲ್ಲಿ ಒಂದು ಖಾಲಿ ಖೋಲಿ ಇರತೈತ್ರಿ, ಸೈನಸ್ ಅಂತೀವಿ, ಎಲ್ಲಾರ ಮುಖದಾಗೂ ಇರತೈತಿ, ಇವರ ಗಡ್ಡಿ ಅಲ್ಲಿ ಕುಂತೈತಿ, ಕೀಮೋ ಕೊಟ್ಟಾಗ ಸಣ್ಣದಾಗಿತ್ತು, ರೇಡಿಯೇಷನ್ ಕೊಟ್ಟಾಗ ಹೋತು ಅಂದುಕೊಂಡಿದ್ವಿ, ಈಗ ತಿರುಗಿ ಬಂದೈತಿ, ಕೊಯ್ದು ತಗೀಬೇಕು, ಎಡಗಡೆ ಮ್ಯಾಲಿನ ದವಡಿ, ಅಂಗುಳ ಅರ್ಧಾ, ಗಲ್ಲದ ಎಲುಬು. ಮತ್ತ ಕಣ್ಣು? ಕೇಳಿದವನು ಗನಿ. ಎಡಗಣ್ಣಿನ ಮಾತು ಒಳಗ ಹೋಗಿ ನೋಡಿದ ಮ್ಯಾಲ ರೀ, ಉಳಸಾಕ ನೋಡತೀವಿ. ಗನಿ ನಕ್ಕ, ಬಾತ ಗಲ್ಲದಿಂದ ಅರ್ಧ ಮುಖದಲ್ಲಿ ನಕ್ಕ, ನಮ್ಮದು ಬಡಿಗ್ಯಾರ ಕಸಬು ಡಾಕ್ಟರ್ ಬಾಯಿ, ಹಲಗಿ ನೆಟ್ಟಗ ಐತೋ ಸೊಟ್ಟ ಐತೋ ನೋಡಾಕ ಒಂದ ಕಣ್ಣು ಸಾಕು, ಇನ್ನೊಂದು ಮುಚ್ಚೇ ಮುಚ್ಚತೀವಿ, ತಗೊಳ್ಳೂದಾದರ ಆ ಮುಚ್ಚೂ ಕಣ್ಣು ತಗೋರಿ, ನೋಡೂ ಕಣ್ಣು ನನಗ ಬಿಡ್ರಿ, ಒಳಗ ಏನರ ಪಂಚಾತಿ ಬಂದರ ಈಕಿನ್ನ ಕೇಳ್ರಿ, ನಾ ಅಂತೂ ಮಲಗಿರತೀನಿ. ಡಾಕ್ಟರೂ ನಕ್ಕಳು, ಶಮಶಾದಳೂ ನಕ್ಕಳು, ಯಾವ ಕಣ್ಣು ಮುಚ್ಚುತ್ತೀರಿ ಎಂದು ಯಾರೂ ಕೇಳಲಿಲ್ಲ, ಹೆಂಡತಿಗೆ ಗೊತ್ತಿರುತ್ತದೆ ಎಂದು ಅವನು, ನನಗೆ ಗೊತ್ತಿದೆ ಎಂದು ಇವಳು — ಇಲ್ಲಿ ಬಂದು ಕೂತ ಮೇಲೆ ತಿಳಿಯಿತು, ಅವಳಿಗೆ ಗೊತ್ತಿಲ್ಲ.

ನೆನಪು ಇಲ್ಲವೆಂದಲ್ಲ, ಬೇಕಾದಷ್ಟಿದೆ, ಕಣ್ಣು ಮುಚ್ಚಿದರೆ ಸಾಕು ಗನಿ ಎದುರಿಗೆ ನಿಲ್ಲುತ್ತಾನೆ, ಹಲಗೆಯ ಒಂದು ತುದಿ ನೆಲಕ್ಕೆ, ಇನ್ನೊಂದು ತುದಿ ಮೂಗಿನ ಹತ್ತಿರ, ತುಟಿಯ ಒಂದು ಕೊನೆ ಮೇಲಕ್ಕೆ ಎಳೆದುಕೊಂಡಿದೆ, ಒಂದು ಕಣ್ಣು ಮುಚ್ಚಿದೆ, ಆದರೆ ಎದುರಿಗೆ ನಿಂತವನ ಎಡ ನನ್ನ ಬಲ, ನನ್ನ ಎಡ ಅವನ ಬಲ, ಕೈ ಎತ್ತಿ ನೋಡಿಕೊಂಡರೆ ಚಿತ್ರ ಮಗುಚಿಕೊಳ್ಳುತ್ತದೆ, ಮುಚ್ಚಿದ ಕಣ್ಣು ಆಚೆಯಿಂದ ಈಚೆಗೆ ಬರುತ್ತದೆ. ಎಡಗಣ್ಣು ಮುಚ್ಚುತ್ತಿದ್ದನಾದರೆ ಹೋದರೆ ಹೋಗಲಿ, ಅದು ಮುಚ್ಚುವ ಕಣ್ಣು, ಅವನೇ ಹೇಳಿದ ಮಾತು, ಬಲಗಣ್ಣು ಮುಚ್ಚುತ್ತಿದ್ದನಾದರೆ — ತಸ್‌ಬಿಯ ಮಣಿ ಬೆರಳ ಸಂದಿಯಲ್ಲಿ ನಿಂತೇಬಿಟ್ಟಿದೆ, ದುವಾ ಕೇಳುವುದಾದರೂ ಏನೆಂದು ಕೇಳಬೇಕು. ಮೊದಲ ಸಲ ನೋಡಿದ್ದು ನಂದಗಡದಲ್ಲಿ, ತವರಿನಲ್ಲಿ, ಅಲ್ಲಿ ರಾಯಣ್ಣನ ಆಲದ ಮರಕ್ಕೆ ಮಕ್ಕಳಿಲ್ಲದವರು ಪುಟ್ಟ ತೊಟ್ಟಿಲು ಕಟ್ಟಿ ಬೇಡಿಕೊಳ್ಳುತ್ತಾರೆ, ಗೇಣುದ್ದದ ಕಟ್ಟಿಗೆಯ ತೊಟ್ಟಿಲು, ಅವನ್ನು ಮಾಡಿಕೊಂಡು ಸಂತೆಯ ದಿನ ಖಾನಾಪುರದಿಂದ ಒಬ್ಬ ಬರುತ್ತಿದ್ದ, ಇನ್ನೂ ಮೀಸೆ ಸರಿಯಾಗಿ ಕೂತಿರಲಿಲ್ಲ, ಇವಳ ಮನೆಯ ಎದುರಿಗೇ ಗೋಣಿತಟ್ಟು ಹಾಸಿ ಕೂಡುತ್ತಿದ್ದ, ಅವತ್ತು ಇವಳು ಕಿಟಕಿಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದಾಗ ಆ ಹುಡುಗ ಕೈಯಲ್ಲೊಂದು ಕಟ್ಟಿಗೆಯ ಪಟ್ಟಿ ಎತ್ತಿ ಹಿಡಿದು ಇವಳನ್ನೇ ನೋಡಿ ಕಣ್ಣು ಹೊಡೆದ. ಕೈಯಿಂದ ಮೊರ ಬಿದ್ದ ಸದ್ದಿಗೆ ಅಮ್ಮ ಓಡಿ ಬಂದಳು, ಅಣ್ಣ ಅಮ್ಜದ ತೋಳು ಮಡಚಿಕೊಂಡು ಹೊರಗೆ ಹೋದ, ಏನಲೇ, ನಮ್ಮ ತಂಗಿಗೆ ಕಣ್ಣ ಹೊಡೀತೀ? ಕಣ್ಣ ಹೊಡೀಲಿಲ್ಲ ಭಾಯಿ, ಪಟ್ಟಿ ನೋಡಿದೆ, ಸೊಟ್ಟ ಐತಿ, ಬೇಕಾರ ನೀವ ನೋಡ್ರಿ. ಪಟ್ಟಿ ಅಮ್ಜದನ ಕೈಗೆ ಕೊಟ್ಟು, ಹೀಂಗ ಹಿಡೀರಿ, ಒಂದು ಕಣ್ಣು ಮುಚ್ಚರಿ, ಹಾಂ — ಹೊಡೆಯಲು ಹೋದವನು ನಡುಬೀದಿಯಲ್ಲಿ ನಿಂತು ಕಣ್ಣು ಮುಚ್ಚಿ ಪಟ್ಟಿ ನೋಡಿ ಬಂದ, ಖರೇನ ಸೊಟ್ಟ ಐತವ್ವಾ ಅಂದ, ಆಮೇಲೆ ಊರೆಲ್ಲ ಅದನ್ನೇ ಹೇಳಿ ನಕ್ಕಿತು, ನಕ್ಕು ನಕ್ಕು ಆ ಹುಡುಗನಿಗೇ ಇವಳನ್ನು ಕೊಟ್ಟರು. ಅವತ್ತು ಕಟ್ಟಿಗಿ ನೋಡಿದ್ರೋ, ನನ್ನ ನೋಡಿದ್ರೋ? ಮದುವೆಯಾದ ಹೊಸತರಲ್ಲಿ ಕೇಳಿದ್ದು, ಸೂಫಿಯಾ ಹುಟ್ಟಿದ ಮೇಲೆ ಕೇಳಿದ್ದು, ಮೊನ್ನೆ ಕೇಳಿದ್ದು, ಮನೆಯೊಳಗೆ ಅವರದು ಉರ್ದು, ಆದರೆ ಈ ಒಂದು ಮಾತು ಮಾತ್ರ ಸಂತೆಯ ಕನ್ನಡದಲ್ಲೇ ಆಗಬೇಕು, ಪಟ್ಟಿ ತುದಿಗೆ ನೀ ಇದ್ದಿ, ನಾ ಏನ ಮಾಡ್ಲಿ, ಅನ್ನುತ್ತಾನೆ, ಇಷ್ಟು ವರ್ಷದಲ್ಲಿ ಒಮ್ಮೆಯೂ ಬೇರೆ ಉತ್ತರ ಕೊಟ್ಟಿಲ್ಲ.

ಫಿನಾಯಿಲಿನ ವಾಸನೆ, ಅದರ ಕೆಳಗೆ ಯಾರದೋ ಊಟದ ಡಬ್ಬಿಯ ಜುಣಕದ ವಾಸನೆ, ಗನಿಗೆ ವಾಸನೆ ಹೋಗಿ ಎಷ್ಟು ಕಾಲವಾಯಿತು, ಮೂಗೇ ಅವನ ದೊಡ್ಡಸ್ತಿಕೆ, ಬೆಳಗಾವಿಯ ಆಟೋ ನಗರದಲ್ಲಿ ಟ್ರಕ್ಕಿಗೆ ಕಟ್ಟಿಗೆಯ ಬಾಡಿ ಕಟ್ಟುತ್ತಿದ್ದಾಗಿನಿಂದ ಹಾಗೆ, ಗರಗಸದ ಹೊಟ್ಟು ಚಿಟಿಕೆ ತೆಗೆದು ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿದು ಇದು ಹಸಿ ಐತಿ, ಇದು ಮತ್ತಿ, ಇದಕ ಸಾಗವಾನಿ ಅಂತ ಹೇಳಿ ಯಾರಿಗೆ ಟೋಪಿ ಹಾಕತೀ ಎಂದು ನಗುವುದು, ಮುಂದೆ ಖಾನಾಪುರಕ್ಕೆ ಮರಳಿ ಬಂದು ದೋಸ್ತ ಬಾಳಕೃಷ್ಣನ ಸಾಮಿಲ್ಲಿನ ಬಾಜುವೇ ಶೆಡ್ಡು ಹಾಕಿ ಬಾಗಿಲು ಚೌಕಟ್ಟು ಮಾಡತೊಡಗಿದ ಮೇಲೂ ಅದೇ ಚಟ, ದಸ್ತಿಯನ್ನು ತಲೆಗೆ ಸುತ್ತುತ್ತಿದ್ದ, ಮೂಗಿಗೆ ಕಟ್ಟು ಅಂದರೆ ಮೂಗು ಕಟ್ಟಿಕೊಂಡರ ಕಟ್ಟಿಗಿ ಹೆಂಗ ಓದ್ಲಿ ಅನ್ನುತ್ತಿದ್ದ. ಧೂಳಿಗೆ ಬೆಲ್ಲ ಇತ್ತಲ್ಲ. ಸಾಮಿಲ್ಲಿನವರು, ಬಡಿಗರು, ಖಾನಾಪುರದ ಹಂಚಿನ ಭಟ್ಟಿಯವರು, ಸಂಜೆಗೆ ಎಲ್ಲರ ಕೈಯಲ್ಲೂ ಒಂದು ಹೆಂಟೆ ಬೆಲ್ಲ, ಬೆಲ್ಲ ತಿಂದರ ಧೂಳು ಇಳಿದು ಹೋಗತೈತಿ, ಅವನ ಅಪ್ಪ ಹಾಗೆ ಅಂದಿದ್ದ, ಅವನ ಅಪ್ಪನ ಅಪ್ಪ ಹಾಗೆ ಅಂದಿದ್ದ, ಶಮಶಾದಳೂ ಯಾವ ದಿನವೂ ತಪ್ಪಿಸಿದವಳಲ್ಲ, ಡಬ್ಬಿಯ ಮುಚ್ಚಳದಲ್ಲಿ ಬೆಲ್ಲ ಇಟ್ಟು ಕಳಿಸಿದರೆ ಗಂಡನ ಎದೆಯನ್ನು ತಾನೇ ತೊಳೆದಷ್ಟು ನೆಮ್ಮದಿ, ರಮಜಾನ್ ತಿಂಗಳಲ್ಲಿ ರೋಜಾ ಬಿಟ್ಟ ಮೇಲೆ ಖರ್ಜೂರದ ಜೊತೆ ಬೆಲ್ಲವೂ ಬೇಕು, ಅಷ್ಟು ನಂಬಿಕೆ. ಎಡಮೂಗಿನಲ್ಲಿ ರಕ್ತ ಬಂದಾಗ ಉಷ್ಣ ಅಂದರು, ಎಲ್ಲರೂ ಉಷ್ಣ ಅಂದರು, ಗುಲ್ಕಂದ ತಿನ್ನಿಸಿದಳು, ಹಣೆಗೆ ಉಳ್ಳಾಗಡ್ಡಿ ಅರೆದು ಹಚ್ಚಿದಳು, ಮೂಗು ಕಟ್ಟಿತು ಅಂದಾಗ ಅಜವಾನದ ಹೊಗೆ ಕೊಟ್ಟಳು, ಮೇಲಿನ ಹಲ್ಲು ಅಲುಗತೊಡಗಿದಾಗ ಹಲ್ಲಿನವನ ಹತ್ತಿರ ಹೋಗಿ ಕೀಳಿಸಿಕೊಂಡು ಬಂದ, ಹಲ್ಲು ಹೋಯಿತು, ಗುಂಡಿ ತುಂಬಲಿಲ್ಲ, ಒಂದು ಮುಂಜಾನೆ ಕುಡಿದ ಚಹಾ ಮೂಗಿನಿಂದ ಇಳಿಯಿತು, ಅವನು ಕಪ್ಪು ಕೆಳಗಿಟ್ಟು ಇವಳ ಮುಖ ನೋಡಿದ, ಇವಳು ಅವನ ಮುಖ ನೋಡಿದಳು. ವರ್ಷಾನುಗಟ್ಟಲೆ ಕಟ್ಟಿಗಿ ಧೂಳು ಮೂಗಿಗೆ ಹೋದವರಿಗೆ ಇದು ಬರಬಹುದ್ರಿ, ಅಂದರು ದವಾಖಾನೆಯಲ್ಲಿ. ಮತ್ತ ಬೆಲ್ಲ? ಕೇಳಲು ನಾಚಿಕೆಯಾಯಿತು, ಕೇಳಲಿಲ್ಲ, ತಾನೇ ತಿಳಿದುಕೊಂಡಳು, ಬೆಲ್ಲ ಗಂಟಲಿಗಿಳಿದು ಹೊಟ್ಟೆಗೆ ಹೋಯಿತು, ಧೂಳು ಮೇಲೆ ಮುಖದೊಳಗಿನ ಆ ಖಾಲಿ ಖೋಲಿಗೆ ಹೋಯಿತು, ಇಷ್ಟು ವರ್ಷ ಒಂದಕ್ಕೊಂದು ಭೇಟಿಯೇ ಆಗಿರಲಿಲ್ಲ.

ಮೊದಲ ಸಲ ಹೀಗೆ ಹೊರಗೆ ಕೂಡುವ ಪಾಳಿ ಇರಲಿಲ್ಲ, ಕೀಮೋ ಕೊಡುವಾಗ ಹಾಸಿಗೆಯ ಬಾಜು ಕೂತು ಬಾಟಲಿಯ ಹನಿ ನೋಡುತ್ತಿದ್ದಳು, ರೇಡಿಯೇಷನ್ನಿಗೆ ದಿನಾ ಖಾನಾಪುರದಿಂದ ರೈಲು, ದೇಸೂರಿನಲ್ಲಿ ಎದುರಿನ ಗಾಡಿಗಾಗಿ ನಿಂತರೆ ನಿಂತಿತು, ಗನಿ ಕಿಟಕಿಯಿಂದ ಸ್ಟೇಷನ್ನಿನ ಬಾಗಿಲ ಚೌಕಟ್ಟು ನೋಡಿ ಅದರ ಕುಂದು ಹೇಳುತ್ತಿದ್ದ, ಹೇಳುವುದು ಕಡಿಮೆಯಾಯಿತು, ಬಾಯಿಯೊಳಗೆಲ್ಲ ಹುಣ್ಣು, ಆಮೇಲೆ ಕೈಯಿಂದ ಬರೇ ತೋರಿಸುತ್ತಿದ್ದ, ಆಮೇಲೆ ಅದೂ ಇಲ್ಲ. ಮುಖದ ಅಚ್ಚು ತೆಗೆದು ಜಾಳಿಗೆಯ ಮುಖವಾಡ ಮಾಡಿದ್ದರು, ಅದನ್ನು ಹಾಕಿ ಮೇಜಿಗೆ ಬಿಗಿದು ಬೆಳಕು ಬಿಡುವುದು, ಎಲ್ಲ ಮುಗಿದ ಮೇಲೆ ಅದನ್ನು ಮನೆಗೇ ಕೊಟ್ಟರು, ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ತೂಗು ಹಾಕಿದ, ಮೂಗಿಗೆ ಕಟ್ಟು ಕಟ್ಟು ಅಂತಿದ್ದಿಯಲ್ಲ, ನೋಡು, ಕಡೀಕ ಕಟಿಗೊಂಡೆ, ಅಂದ. ಬೆಲ್ಲ ಕೊಟ್ಟರೆ ಮಣ್ಣು ತಿಂದಂಗ ಆಗತೈತಿ ಅಂದ, ಆದರೂ ತಿಂದ, ಅವಳು ಕೊಟ್ಟಳೆಂದು ತಿಂದ. ಆಮೇಲೆ ಒಂದು ಒಳ್ಳೆಯ ಕಾಲ ಬಂತು, ಮಲಪ್ರಭೆಯಲ್ಲಿ ನೀರು ತುಂಬಿತ್ತು, ಗಲ್ಲದ ಬಾವು ಇಳಿಯಿತು, ಸ್ಕ್ಯಾನಿನಲ್ಲಿ ಏನೂ ಇಲ್ಲ ಅಂದರು, ಗನಿ ಶೆಡ್ಡಿಗೆ ಹೋಗಿ ಹಲಗೆ ಹೆರೆಯುವ ರಂದಾ ಹಿಡಿದ, ದಸ್ತಿಯನ್ನು ಈಗ ಮೂಗಿಗೂ ಕಟ್ಟಿಕೊಂಡ, ಸೂಫಿಯಾ ಬೆಳಗಾವಿಯ ಆಫೀಸಿನಿಂದ ಕುಂದಾ ತಂದು ಓಣಿಗೆಲ್ಲ ಹಂಚಿದಳು, ಹಂಚಬಾರದಿತ್ತು, ಯಾರ ಕಣ್ಣು ಬಿತ್ತೋ — ಛೇ, ಗಡ್ಡಿಗೆ ಯಾರ ಕಣ್ಣು ಬೇಕು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅಂದಿತು. ಒಂದು ದಿನ ಊಟಕ್ಕೆ ಕೂತವನ ಎಡಗಣ್ಣಿನಿಂದ ನೀರು ಸುರಿಯುತ್ತಿತ್ತು, ಅಳಾಕತ್ತೀರೇನ್ರಿ? ಇಲ್ಲ, ಹೊಟ್ಟು ಬಿದ್ದೈತಿ. ಮರುದಿನವೂ ಹೊಟ್ಟು, ವಾರವಿಡೀ ಹೊಟ್ಟು, ಅಷ್ಟರಲ್ಲಿ ಆ ಕಣ್ಣು ತುಸು ಮುಂದೆ ಬಂದು ಕೂತಿತ್ತು, ಎರಡೂ ಕಣ್ಣಿನ ನೇರ ತಪ್ಪಿದ್ದು ಅವಳಿಗೇ ಮೊದಲು ಕಂಡದ್ದು, ಬಡಿಗನ ಹೆಂಡತಿ, ಸೊಟ್ಟ ಎಂಬುದು ಅವಳ ಕಣ್ಣಿಗೂ ಬೇಗ ಬೀಳುತ್ತದೆ. ಅದೇ ಜಾಗಕ್ಕೆ ಮತ್ತ ಅಷ್ಟು ಬೆಳಕು ಕೊಡಾಕ ಬರೂದಿಲ್ಲ, ಬರೇ ಔಷಧದಿಂದ ಹೋಗೂದಿಲ್ಲ, ಆಪರೇಷನ್ ಒಂದ ಹಾದಿ, ಹೋದ ತಿಂಗಳು ಹೇಳಿದರು, ಹಾದಿ ಒಂದೇ ಇದ್ದರೆ ಅದಕ್ಕೆ ಹಾದಿ ಅನ್ನುವುದು ಯಾಕೆ.

ಅಮ್ಮೀ, ಚಹಾ ಕುಡಿ, ಸೂಫಿಯಾ ಕಾಗದದ ಕಪ್ಪು ಹಿಡಿದು ನಿಂತಿದ್ದಾಳೆ, ಒಲ್ಲೆ, ಒಂದು ಗುಟುಕರ ಕುಡಿ, ಒಲ್ಲೆ ಅಂದೆನಲ್ಲ, ಆಚೆ ಕುರ್ಚಿಯಲ್ಲಿ ಬಾಳಕೃಷ್ಣ, ಸಾಮಿಲ್ಲು ಬಂದ್ ಇಟ್ಟು ನಸುಕಿನಲ್ಲೇ ಬಂದವನು, ಮರಾಠಿ ಮನೆಮಾತಿನವನು, ಗನಿಯ ಜೊತೆ ಅರ್ಧ ಮರಾಠಿ ಅರ್ಧ ಕನ್ನಡ, ಜಗಳಕ್ಕೆ ಎರಡೂ ಸಾಲದಾದಾಗ ಉರ್ದು, ಅವನ ಕಿವಿಯ ಮೇಲೆ ನೀಲಿ ಬಾಲ್‌ಪೆನ್ನು, ಇಲ್ಲಿ ಯಾವ ದಿಮ್ಮಿಗೆ ಗುರುತು ಹಾಕಬೇಕಾಗಿದೆಯೋ, ಕಟ್ಟಿಗೆಯ ಮಂದಿಗೆ ಕಿವಿಯ ಮೇಲೆ ಏನಾದರೂ ಇರಲೇಬೇಕು, ಇರದಿದ್ದರೆ ಬತ್ತಲೆ ಅನಿಸುತ್ತದಂತೆ. ಮುಂಜಾನೆ ಗನಿಯದೂ ಹಾಗೇ ಆಯಿತಲ್ಲ, ಗಾಲಿಯ ಮಂಚದ ಮೇಲೆ ಮಲಗಿಸಿ ತಳ್ಳುತ್ತಿದ್ದರು, ಎಡಹುಬ್ಬಿನ ಮೇಲೆ ಡಾಕ್ಟರರು ಶಾಯಿಯ ಬಾಣ ಬರೆದಿದ್ದರು, ಕೊಯ್ಯೂ ಮೊದಲ ಗುರ್ತು ಹಾಕ್ಯಾರ, ಕಸಬು ಗೊತ್ತಿದ್ದವರ ಅದಾರ, ಅಂದ ಗನಿ, ಅನ್ನುತ್ತಲೇ ಬಲಗೈ ಎದ್ದು ಬಲಗಿವಿಯ ಕಡೆ ಹೋಯಿತು, ಅಲ್ಲಿ ದವಾಖಾನೆಯ ಹಸಿರು ಟೊಪ್ಪಿಗೆ ತಾಗಿ ಸುಮ್ಮನೆ ಕೆಳಗೆ ಬಂತು, ತುರಿಕೆ ಇರಬೇಕೆಂದು ಇವಳು ಟೊಪ್ಪಿಗೆ ಸರಿಮಾಡಲು ಹೋದಳು, ಅಷ್ಟರಲ್ಲಿ ಬಾಗಿಲು, ಸರ್. ಆಗಲೇ ಕೇಳಬೇಕಿತ್ತು, ಕಿವಿಯಲ್ಲಿ ಬಗ್ಗಿ, ಏನ್ರೀ, ನೀವು ಮುಚ್ಚೂ ಕಣ್ಣು ಯಾವುದು, ಕೇಳಿದರೆ ಹೆದರಿದ್ದಾಳೆ ಎಂದು ತಿಳಿಯುತ್ತಿದ್ದ, ಅದಕ್ಕೇ ಕೇಳಲಿಲ್ಲ. ಬಾಳಣ್ಣಾ. ಹಾಂ ವೈನಿ. ಅವರು ಹಲಗಿ ನೋಡೂವಾಗ ಯಾವ ಕಣ್ಣು ಮುಚ್ಚತಿದ್ರು? ಬಾಳಕೃಷ್ಣ ಬಾಯಿ ತೆರೆದ, ಬಲಗಣ್ಣು ಅಂದ, ನಿಂತ, ಅಲ್ಲ, ತಡೀರಿ, ಎರಡು ಕೈ ಮುಂದೆ ಚಾಚಿ ಇಲ್ಲದ ಹಲಗೆಯನ್ನು ಹಿಡಿದ, ಒಂದು ಕಣ್ಣು ಮುಚ್ಚಿದ, ಅದನ್ನು ತೆರೆದು ಇನ್ನೊಂದು ಮುಚ್ಚಿದ, ಎದುರಿನ ಬೆಂಚಿನ ಹೆಂಗಸು ಸೆರಗು ಎಳೆದುಕೊಂಡು ಮುಖ ಆ ಕಡೆ ತಿರುಗಿಸಿದಳು, ಇನ್ನೊಬ್ಬ ಅಮ್ಜದ ಎದ್ದು ಬರಬೇಕಷ್ಟೇ. ಎಡಗಣ್ಣ ಇರಬೇಕು ನೋಡ್ರಿ, ಖರೇ ಹೇಳತೀನಿ ವೈನಿ, ನಾ ಯಾವತ್ತೂ ಹಲಗಿ ಆ ತುದಿಗೆ ನಿಂತಾಂವ, ತುದಿ ಕಾಲ ಮ್ಯಾಲ ಬೀಳದಂಗ ನೋಡಕೋತ ಇರತಿದ್ದೆ, ಅವನ ಮುಖಾ ಯಾರು ನೋಡ್ಯಾರ. ಅಂದು ಚಾಚಿದ ಕೈ ಇಳಿಸಿದ, ದೋಸ್ತನ ಮುಖ ನೋಡಿಲ್ಲ ಎಂಬುದು ಅವನಿಗೂ ಈಗಲೇ ತಿಳಿದಂತಿತ್ತು. ಯಾಕಮ್ಮೀ, ಸೂಫಿಯಾ ಮೊಬೈಲ್ ತೆಗೆದು ಫೋಟೊ ತಿರುವುತ್ತಿದ್ದಾಳೆ, ಅಬ್ಬಾನ ಫೋಟೊ ಎಷ್ಟ ಬೇಕು, ಈದಿನದು, ಮದುವೆಯದು, ಶೆಡ್ಡಿನ ಮುಂದಿನದು, ಎಲ್ಲದರಲ್ಲೂ ಗನಿ ಎರಡೂ ಕಣ್ಣು ಅಗಲ ಮಾಡಿ ನಿಂತಿದ್ದಾನೆ, ಫೋಟೊ ಎಂದರೆ ಪೆನ್ಸಿಲ್ ತೆಗೆದಿಟ್ಟು, ಹೊಟ್ಟು ಝಾಡಿಸಿಕೊಂಡು, ಗುಂಡಿ ಹಾಕಿಕೊಂಡು ನಿಲ್ಲಬೇಕು ಅವನಿಗೆ, ಕೆಲಸದಲ್ಲಿರುವ ಗನಿಯ ಒಂದು ಚಿತ್ರವೂ ಇಲ್ಲ.

ಬಾಗಿಲು, ಸರ್. ಡಾಕ್ಟರ್ ಮುಗ್ಧಾ, ಮುಖಪಟ್ಟಿ ಕೆಳಗಿಳಿಸಿದ್ದಾಳೆ, ಕೆನ್ನೆಯ ಮೇಲೆ ಅದರ ಗೆರೆ, ಆಪರೇಷನ್ ಮುಗಿಯಿತೇ, ಇಲ್ಲ, ಮುಗಿದಿದ್ದರೆ ಇವಳು ನಿಂತು ಮಾತಾಡುತ್ತಿದ್ದಳು, ಇವಳು ಬಂದು ಬಾಜು ಕೂಡುತ್ತಿದ್ದಾಳೆ, ಡಾಕ್ಟರು ಬಾಜು ಬಂದು ಕೂತರೆ ಒಳ್ಳೆಯದಲ್ಲ. ಅಮ್ಮಾ, ಆರಾಮ ಅದಾರ, ಬಿಪಿ ಎಲ್ಲಾ ಚಲೋ ಐತಿ. ಹೂಂ. ಕಣ್ಣಿನ ಸುತ್ತ ಒಂದು ಪೊರಿ ಇರತೈತ್ರಿ, ಅದನ್ನ ದಾಟಿರಬಾರದು ಅಂತ ನಾವು ಬಯಸಿದ್ವಿ, ಒಂದು ಚೂರು ತಗದು ತಪಾಸಣಿಗೆ ಕಳಿಸಿದ್ವಿ, ಈಗ ಬಂತು, ದಾಟೈತಿ, ಕಣ್ಣಿನ ಹಿಂದಿನ ಕೊಬ್ಬಿನಾಗ ಹೋಗೈತಿ. ಸೂಫಿಯಾಳ ಕೈ ಅವಳ ಭುಜದ ಮೇಲೆ ಬಂದು ಕೂತಿತು, ಭಾರವಾಗಿ. ಇದನ್ನ ಅವರಿಗೆ ಮೊದಲ ಹೇಳಿದ್ವಿ, ಅವರು ಒಪ್ಪಿದ್ರು, ಆದರೂ ಆಕಿನ್ನ ಒಂದ ಮಾತು ಕೇಳ್ರಿ ಅಂದಿದ್ರಲ್ಲ, ಅದಕ್ಕ ಬಂದೆ. ಕಣ್ಣು ಬಿಟ್ಟರ ಏನಾಗತೈತ್ರಿ? ಗಡ್ಡಿನೂ ಬಿಟ್ಟಂಗ ಆಗತೈತಿ, ಅದು ಮ್ಯಾಲೆ ಹತ್ತತೈತಿ, ಆಗ ನಮ್ಮ ಕೈಯಾಗ ಏನೂ ಉಳಿಯೂದಿಲ್ಲ. ತಗದರ ತಿರುಗಿ ಬರೂದಿಲ್ಲೇನ್ರಿ? ಡಾಕ್ಟರ್ ತನ್ನ ಕೈ ನೋಡಿಕೊಂಡಳು, ಬರಬಾರದು ಅಂತ ತಗೀತೀವ್ರಿ, ಅಂದಳು, ಸುಳ್ಳು ಹೇಳದ ಹುಡುಗಿ, ಸುಳ್ಳನ್ನಾದರೂ ಹೇಳಬಾರದೇ. ಶಮಶಾದ ಬಾಯಿ ತೆರೆದಳು, ನೋಡೂ ಕಣ್ಣು ಅವರಿಗೆ ಬಿಡ್ರಿ ಅಂದಿದ್ರು ಎಂದು ಹೇಳಬೇಕು, ಹೇಳಿದರೆ ಆ ಕಣ್ಣು ಯಾವುದಮ್ಮಾ ಎಂದು ಕೇಳುತ್ತಾಳೆ, ಕೇಳಿದರೆ ಏನು ಹೇಳುವುದು, ಬಲಗಣ್ಣು ಅಂದರೆ ಏನು ಮಾಡುತ್ತಾರೆ, ಎಡಗಣ್ಣು ಅಂದರೆ ಏನು ಮಾಡುತ್ತಾರೆ, ಗಡ್ಡಿ ಬಂದು ಕೂಡುವ ಮೊದಲು ಇದು ಮುಚ್ಚುವ ಕಣ್ಣೋ ನೋಡುವ ಕಣ್ಣೋ ಎಂದು ವಿಚಾರಿಸಿಕೊಂಡು ಬಂತೇ, ಅತ್ತ ದರಿ ಇತ್ತ ಪುಲಿ, ಅದೂ ಅಲ್ಲ, ದರಿಯೊಂದೇ ಇದೆ, ಇಳಿಯುತ್ತೀಯಾ ಎಂದು ಕೇಳಲು ಒಬ್ಬಳು ಹುಡುಗಿ ಮರ್ಯಾದೆಯಿಂದ ಬಂದು ಬಾಜು ಕೂತಿದ್ದಾಳೆ. ಗನಿಗೆ ಇದು ಗೊತ್ತಿತ್ತು, ಮುಚ್ಚೂ ಕಣ್ಣು ನೋಡೂ ಕಣ್ಣು ಎಂದು ನಕ್ಕಾಗಲೇ ಗೊತ್ತಿತ್ತು, ಈಕಿನ್ನ ಕೇಳ್ರಿ ಅಂದದ್ದು ಇವಳಿಗೆ ಅಧಿಕಾರ ಕೊಟ್ಟದ್ದಲ್ಲ, ಇವಳನ್ನು ಕೇಳದೆ ತನ್ನ ಮುಖದಿಂದ ಏನನ್ನೂ ಒಯ್ಯಬಾರದು ಎಂದು ಅಷ್ಟೇ, ಮನೆಯ ಒಂದು ಹಳೆ ಪೆಟ್ಟಿಗೆ ಮಾರುವಾಗಲೂ ಅವನು ಇವಳನ್ನು ಕೇಳುತ್ತಿದ್ದ, ಬೇಡ ಅಂದರೂ ಮಾರುತ್ತಿದ್ದ, ಆದರೆ ಕೇಳುತ್ತಿದ್ದ. ತಗೀರಿ, ಅಂದಳು. ದನಿ ಹೊರಗೆ ಬಂತೋ ಇಲ್ಲವೋ ಎಂದು ಇನ್ನೊಮ್ಮೆ ಅಂದಳು, ತಗೀರಿ. ಡಾಕ್ಟರ್ ಅವಳ ಮೊಣಕಾಲ ಮೇಲೆ ಕೈಯಿಟ್ಟು, ತೆಗೆದು, ಎದ್ದಳು, ಬಾಗಿಲು ಉಜ್ಜಿಕೊಂಡು ತೆರೆಯಿತು, ಉಜ್ಜಿಕೊಂಡು ಮುಚ್ಚಿತು.

ಅಮ್ಮೀ, ಚಲೋನ ಹೇಳಿದಿ, ಬ್ಯಾರೆ ಏನ ಹೇಳಾಕ ಬರತಿತ್ತು, ಸೂಫಿಯಾ ಅಳುತ್ತಿದ್ದಾಳೆ, ಅಳಬ್ಯಾಡ, ಜೀವ ಉಳಿದರ ಸಾಕು, ಒಂದು ಕಣ್ಣಾಗ ಮಂದಿ ಬಾಳ್ವೆ ಮಾಡೂದಿಲ್ಲೇನು, ಯಾರು ಹೇಳುತ್ತಿರುವುದು, ತಾನೇ ಇರಬೇಕು, ಇನ್ನೊಂದು ಕಣ್ಣು ಇದ್ದೇ ಇದೆಯಲ್ಲ, ಬಲಗಣ್ಣು, ಅದೇ ನೋಡುವ ಕಣ್ಣಿರಬೇಕು, ಬಾಳಣ್ಣ ಕಡೆಗೆ ಎಡಗಣ್ಣು ಮುಚ್ಚುತ್ತಿದ್ದ ಅಂದನಲ್ಲ, ಬಾಳಣ್ಣನ ಮಾತನ್ನೇ ಹಿಡಿಯೋಣ, ಎಡಗಣ್ಣು ಬರೇ ಮುಚ್ಚಲಿಕ್ಕೆ ಇದ್ದದ್ದು, ಹೋದರೆ ಹೋಗಲಿ, ಎದ್ದ ಮೇಲೆ ಅವನೇ ನಗುತ್ತಾನೆ, ಮುಚ್ಚೂ ತ್ರಾಸ ತಪ್ಪಿತು ಅನ್ನುತ್ತಾನೆ, ಬಾಯಿಗೆ ಅಂಗುಳ ಇಲ್ಲದವನು ಹೇಗೆ ಅನ್ನುತ್ತಾನೆ, ಕೈಯಿಂದ ತೋರಿಸುತ್ತಾನೆ. ಮಣಿ ಮುಂದೆ ಸರಿಯಿತು, ಒಂದು, ಇನ್ನೊಂದು. ಬಾಳಕೃಷ್ಣ ಎದ್ದು ಹೋಗಿ ಬಾಗಿಲ ಹತ್ತಿರ ನಿಂತಿದ್ದಾನೆ, ಮನುಷ್ಯನಿಗೆ ಕೈ ಸುಮ್ಮನಿರಲು ಬರುವುದಿಲ್ಲ, ಕಿಸೆಯಿಂದ ನಾಣ್ಯ ತೆಗೆದು ಅದರ ಅಂಚನ್ನು ಮೇಲಿನ ಬಿಜಾಗರಿಯ ಸ್ಕ್ರೂವಿಗೆ ಹಾಕಿ ತಿರುಗಿಸುತ್ತಿದ್ದಾನೆ, ಕಾವಲಿನವನು ಏ ಅಜ್ಜಾ ಅಂದ, ತಡೀಪಾ, ಒಳಗ ನಮ್ಮಾಂವ ಅದಾನ, ಎದ್ದ ಮ್ಯಾಲ ಈ ಬಾಗಿಲ ನೋಡಿದರ ನನಗ ಬೈತಾನ, ಎಂದು ಬಾಳಕೃಷ್ಣ ಸ್ಕ್ರೂ ಬಿಗಿದು ಹಿಂದೆ ಸರಿದು, ಬಾಗಿಲ ಅಂಚು ನೆಟ್ಟಗಾಯಿತೋ ಇಲ್ಲವೋ ನೋಡಲು ತಲೆ ಓರೆ ಮಾಡಿ ಒಂದು ಕಣ್ಣು ಮುಚ್ಚಿದ, ಗಲ್ಲ ಮೇಲಕ್ಕೆದ್ದಿತು, ಮುಚ್ಚಿದ ಕಣ್ಣಿನ ಕಡೆಯ ಕಿವಿಯ ಮೇಲೆ ನೀಲಿ ಪೆನ್ನು ಚಕ್ಕನೆ ಅಲುಗಿತು. ಅಲುಗಿತು. ಕಣ್ಣು ಮುಚ್ಚಿದ ಕಡೆ ಅಲುಗುತ್ತದೆ. ಪೆನ್ಸಿಲ್ — ಗನಿಯ ಪೆನ್ಸಿಲ್ಲೂ ಅಲುಗುತ್ತಿತ್ತು, ಕಣ್ಣು ಮುಚ್ಚಿದೊಡನೆ ಕಿವಿಯ ಮೇಲೆ ಸಣ್ಣಗೆ ಕುಣಿಯುತ್ತಿತ್ತು, ನಂದಗಡದ ಕಿಟಕಿಯಿಂದ ಮೊದಲು ಕಂಡದ್ದೇ ಅದು, ಕಣ್ಣಿಗಿಂತ ಮೊದಲು ಪೆನ್ಸಿಲ್, ಮತ್ತೆ ಪೆನ್ಸಿಲ್ ಯಾವ ಕಿವಿಯ ಮೇಲೆ, ಬಲಗಿವಿ, ಮುಂಜಾನೆ ಬಲಗೈ ಎದ್ದು ಬಲಗಿವಿಯನ್ನೇ ತಡಕಿತಲ್ಲ, ಬಲಗಿವಿ, ಇಷ್ಟು ವರ್ಷ ಪೆನ್ಸಿಲ್ ಹೊತ್ತು ಹೊರಗೆ ಬಾಗಿದ ಬಲಗಿವಿ, ಹಾಗಾದರೆ ಮುಚ್ಚುತ್ತಿದ್ದದ್ದು — ಡಾಕ್ಟರ್ ಬಾಯೀ, ಎಂದು ಏಳಬೇಕು, ಎದ್ದು ಹೋಗಿ ಏನು ಹೇಳುವುದು, ಬಾಗಿಲು ಈಗ ಸದ್ದಿಲ್ಲದೆ ತೆರೆಯುತ್ತದೆ, ಸದ್ದಿಲ್ಲದೆ ಮುಚ್ಚುತ್ತದೆ, ಯಾರು ಹೋದರು ಯಾರು ಬಂದರು ತಿಳಿಯುವುದಿಲ್ಲ, ಸಂತೆಯ ಬಿಸಿಲು, ಮೊರದಲ್ಲಿ ಅಕ್ಕಿ, ಎದುರಿಗೆ ತಟ್ಟಿನ ಮೇಲೆ ಪುಟ್ಟ ಪುಟ್ಟ ತೊಟ್ಟಿಲು, ಹುಡುಗ ಪಟ್ಟಿ ಎತ್ತುತ್ತಾನೆ, ಬಲಗಣ್ಣು ಮುಚ್ಚುತ್ತದೆ, ಪೆನ್ಸಿಲ್ ಅಲುಗುತ್ತದೆ, ಪಟ್ಟಿಯ ತುದಿಗೆ ಅವಳಿದ್ದಾಳೆ, ಎಡಗಣ್ಣು ತೆರೆದಿದೆ, ಪೆನ್ಸಿಲ್ ಅಲುಗುತ್ತದೆ, ಎಡಗಣ್ಣು ತೆರೆದಿದೆ, ಅವಳನ್ನು ನೋಡುತ್ತಿದೆ.